ಒಂದು ಕ್ಷಣದ ನೆರಳು

(ಕತೆಯ ಬಿರುಕು ಮತ್ತು ಅಭಿಮಾನಿಯ ಪ್ರಶ್ನೆ ಕುರಿತ ಉಪನ್ಯಾಸದ ಬರಹರೂಪ)



ಕತೆ ಕೇಳುವವರಲ್ಲಿ ಎರಡು ಬಗೆ. ಕತೆ ಮುಗಿದೊಡನೆ ಎದ್ದು ಹೋಗುವವರು ಒಂದು ಬಗೆ. ‘ಅದೆಲ್ಲ ಸರಿ, ಆದರೆ ಹೀಗೇಕಾಯಿತು?’ ಎಂದು ಕೂತಲ್ಲಿಂದ ಏಳದವರು ಇನ್ನೊಂದು ಬಗೆ. ಈ ಎರಡನೆಯವರನ್ನು ಕೊಂಕು ತೆಗೆಯುವವರೆಂದು ದೂರ ಇಡುವುದು ನಮ್ಮ ರೂಢಿ. ಅವರು ಪ್ರಶ್ನೆ ಕೇಳುತ್ತಿರುವುದು ಒಂದು ಕಾರ್ಟೂನಿನ ಬಗ್ಗೆ ಎಂದು ಗೊತ್ತಾದರಂತೂ ನಗುವವರೇ ಹೆಚ್ಚು. ಅಂಥವರ ಪರವಾಗಿ ನಾಲ್ಕು ಮಾತು ಹೇಳುವುದು ಇಂದಿನ ನನ್ನ ಉದ್ದೇಶ.

ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1999ರ ಮಾರ್ಚ್ 28ರಂದು ‘ಫ್ಯೂಚರಾಮ’ ಎಂಬ ಕಾರ್ಟೂನ್ ಧಾರಾವಾಹಿ ಆರಂಭವಾಯಿತು. ಅದನ್ನು ಸೃಷ್ಟಿಸಿದವರು ಮ್ಯಾಟ್ ಗ್ರೇನಿಂಗ್. ಅವರೊಂದಿಗೆ ಅದನ್ನು ರೂಪಿಸಿದವರು ಡೇವಿಡ್ ಎಕ್ಸ್. ಕೋಹೆನ್. ಮೊದಲ ಕಂತಿನ ಕತೆ ಸರಳವಾದದ್ದು. ನ್ಯೂಯಾರ್ಕಿನಲ್ಲಿ ಪಿಜ್ಜಾ ತಲುಪಿಸುವ ಫ್ರೈ ಎಂಬ ಹುಡುಗ 1999ರ ಡಿಸೆಂಬರ್ 31ರ ರಾತ್ರಿ, ಮನುಷ್ಯರನ್ನು ಹೆಪ್ಪುಗಟ್ಟಿಸಿ ಇಡುವ ಪ್ರಯೋಗಾಲಯವೊಂದಕ್ಕೆ ಹೋಗುತ್ತಾನೆ. ಕುರ್ಚಿಯಲ್ಲಿ ಹಿಂದಕ್ಕೆ ವಾಲಿದವನು ಆಯತಪ್ಪಿ ಯಂತ್ರದೊಳಗೆ ಬೀಳುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಅವನು ಕಣ್ಣು ತೆರೆಯುವುದು ಸಾವಿರ ವರ್ಷಗಳ ಅನಂತರ.

ಎಲ್ಲರೂ ಇದನ್ನು ಆಕಸ್ಮಿಕವೆಂದೇ ತಿಳಿದರು. ಆದರೆ ಅವನು ಬೀಳುವ ಹೊತ್ತಿನಲ್ಲಿ ಒಂದು ಪುಟ್ಟ ನೆರಳು ಕ್ಷಣಮಾತ್ರ ಸುಳಿದು ಮಾಯವಾಗುತ್ತದೆ. ಅಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ, ಆ ನೆರಳು ಯಾರದು? ಚಿತ್ರ ಬರೆದವರ ಕೈತಪ್ಪೆಂದು ಸುಮ್ಮನಾಗಬಹುದಿತ್ತು.

ಉತ್ತರ ಬಂದದ್ದು 2003ರ ಏಪ್ರಿಲ್‌ನಲ್ಲಿ, ಕೋಹೆನ್ ಅವರೇ ಬರೆದ ಒಂದು ಕಂತಿನಲ್ಲಿ. ಆ ನೆರಳು ನಿಬ್ಲರ್‌ನದು. ಕತೆಯ ನಾಯಕಿ, ಒಂಟಿಕಣ್ಣಿನ ಲೀಲಾ ಸಾಕಿಕೊಂಡ ಪುಟ್ಟ ಪ್ರಾಣಿ ಅದು. ನೋಡಲು ಮುದ್ದಾದರೂ ಅದು ಅತಿ ಪ್ರಾಚೀನವಾದ, ಬುದ್ಧಿವಂತ ಕುಲಕ್ಕೆ ಸೇರಿದ್ದು. ವಿಶ್ವವನ್ನೇ ನಾಶಮಾಡಲು ಹೊರಟ ಮಹಾಮೆದುಳುಗಳ ಪ್ರಭಾವಕ್ಕೆ ಫ್ರೈ ಒಬ್ಬನೇ ಒಳಗಾಗುವುದಿಲ್ಲ. ಆದ್ದರಿಂದ ನಿಬ್ಲರ್ ಬೇಕೆಂದೇ ಅವನನ್ನು ಭವಿಷ್ಯಕ್ಕೆ ಕಳಿಸಿತ್ತು. ಇಂಥದೊಂದು ಒಳಸಂಚಿನ ಯೋಚನೆ ಮೊದಲಿನಿಂದಲೂ ತಮ್ಮಲ್ಲಿತ್ತೆಂದು ಕೋಹೆನ್ ಹೇಳಿದ್ದಾರೆ. ಬಿರುಕೆಂದು ಕಂಡದ್ದು ನಾಲ್ಕು ವರ್ಷ ಮುಚ್ಚಿಟ್ಟ ಬಾಗಿಲಾಗಿತ್ತು.

ಇಲ್ಲಿಗೆ ಪ್ರಶ್ನೆ ಮುಗಿಯಿತೆ? ಇಲ್ಲ. ಫ್ರೈಗೆ ಮಾತ್ರ ಆ ರಕ್ಷಣೆ ಏಕೆ? 2001ರ ಡಿಸೆಂಬರ್‌ನಲ್ಲಿ ಬಂದ ಇನ್ನೊಂದು ಕಂತಿನಲ್ಲಿ ಅವನು 1947ನೇ ಇಸವಿಗೆ ಹೋಗಿ ಬೀಳುತ್ತಾನೆ. ತನ್ನ ಅಜ್ಜನನ್ನು ಕಾಪಾಡಲು ಹೋಗಿ ಅವನ ಸಾವಿಗೇ ಕಾರಣನಾಗುತ್ತಾನೆ. ಅಜ್ಜ ಸತ್ತರೂ ತಾನು ಬದುಕಿದ್ದೇನೆ, ಹಾಗಾದರೆ ಈಕೆ ತನ್ನ ಅಜ್ಜಿಯೇ ಅಲ್ಲ ಎಂದು ತರ್ಕಿಸಿ ಆಕೆಯನ್ನು ಕೂಡುತ್ತಾನೆ. ಹೀಗೆ ತನಗೆ ತಾನೇ ಅಜ್ಜನಾಗುತ್ತಾನೆ! ಇದರಿಂದಾಗಿ ಅವನ ಮೆದುಳಿನಲ್ಲಿ ಒಂದು ಬಗೆಯ ತರಂಗವೇ ಇಲ್ಲ. ಅದೇ ಅವನ ರಕ್ಷೆ.

ಈಗ ಲೆಕ್ಕ ಹಾಕಿ. ಭವಿಷ್ಯಕ್ಕೆ ಹೋಗದೆ ಅವನು 1947ಕ್ಕೆ ಹೋಗುವಂತಿಲ್ಲ. 1947ಕ್ಕೆ ಹೋಗದೆ ಅವನಿಗೆ ರಕ್ಷೆ ಇಲ್ಲ. ರಕ್ಷೆ ಇಲ್ಲದಿದ್ದರೆ ನಿಬ್ಲರ್ ಅವನನ್ನು ಭವಿಷ್ಯಕ್ಕೆ ಕಳಿಸುವುದಿಲ್ಲ. ಇದು ಅಪ್ಪಟ ಬೀಜವೃಕ್ಷ ನ್ಯಾಯ. ಜೀವಶಾಸ್ತ್ರದ ಕಡೆಯಿಂದ ನೋಡಿದರೆ ಇನ್ನೂ ಸೋಜಿಗ. ವೈ ವರ್ಣತಂತು ತಂದೆಯಿಂದ ಮಗನಿಗೆ ಇಳಿಯುವಂಥದು. ಫ್ರೈ ಅದನ್ನು ತಂದೆಯಿಂದ ಪಡೆದ. ತಂದೆ ಅದನ್ನು ಪಡೆದದ್ದು ಫ್ರೈಯಿಂದಲೇ. ಹಾಗಾದರೆ ಆ ವರ್ಣತಂತು ಮೊದಲು ಹುಟ್ಟಿದ್ದೆಲ್ಲಿ? ಉತ್ತರವಿಲ್ಲ. ಆದರೂ ಈ ಪ್ರಶ್ನೆ ಹಿಡಿದು ಹೊರಟವನು ಒಂದು ಸಂಜೆಯಲ್ಲಿ ಅನುವಂಶೀಯತೆಯನ್ನೂ ಕಾರ್ಯಕಾರಣ ಸಂಬಂಧವನ್ನೂ ಕುರಿತು ಯೋಚಿಸಿರುತ್ತಾನೆ. ಇದನ್ನು ವ್ಯರ್ಥ ಕಾಲಹರಣವೆನ್ನಲು ನನಗೆ ಮನಸ್ಸು ಬಾರದು.

ಬರೆಯುವವರಿಗೂ ಇದು ಗೊತ್ತಿತ್ತು. ಅವರು ಹಿನ್ನೆಲೆಯ ಗೋಡೆಗಳ ಮೇಲೆ ಅನ್ಯಲೋಕದ ಲಿಪಿಯೊಂದನ್ನು ಬರೆದರು. ಅಭಿಮಾನಿಗಳು ಅದನ್ನು ಬಹುಬೇಗ ಬಿಡಿಸಿದರು. ಆಗ ಅವರು ಇನ್ನೂ ಕಠಿಣವಾದ ಎರಡನೆಯ ಲಿಪಿಯನ್ನು ತಂದರು. 2010ರ ಒಂದು ಕಂತಿನಲ್ಲಿ ಪಾತ್ರಗಳ ಮನಸ್ಸುಗಳು ದೇಹದಿಂದ ದೇಹಕ್ಕೆ ಅದಲುಬದಲಾದವು. ಒಮ್ಮೆ ಅದಲುಬದಲಾದ ಜೋಡಿ ಮತ್ತೆ ನೇರವಾಗಿ ಬದಲಾಗುವಂತಿಲ್ಲ ಎಂಬುದು ಯಂತ್ರದ ನಿಯಮ. ಎಲ್ಲರೂ ಸ್ವಸ್ಥಾನಕ್ಕೆ ಮರಳುವುದು ಹೇಗೆ? ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದ ಲೇಖಕ ಕೆನ್ ಕೀಲರ್, ಹೊಸಬರು ಇಬ್ಬರಿದ್ದರೆ ಸಾಕೆಂದು ಪ್ರಮೇಯವನ್ನೇ ಸಾಧಿಸಿದರು. ಪ್ರಶ್ನೆ ಕೇಳುವ ಪ್ರೇಕ್ಷಕನಿದ್ದರೆ ಲೇಖಕ ಮೈಗಳ್ಳನಾಗಲಾರ.

ಆದರೆ ಒಂದು ಎಚ್ಚರಿಕೆಯ ಮಾತೂ ಉಂಟು. 2002ರ ಒಂದು ಕಂತಿನ ಕೊನೆಯಲ್ಲಿ ಫ್ರೈಯ ನಾಯಿ ಸೀಮೋರ್, ಬಾರದ ಒಡೆಯನಿಗಾಗಿ ಪಿಜ್ಜಾ ಅಂಗಡಿಯ ಮುಂದೆ ಹನ್ನೆರಡು ವರ್ಷ ಕಾದು ಕಣ್ಣುಮುಚ್ಚುತ್ತದೆ. 2007ರ ಚಲನಚಿತ್ರವೊಂದು ಆ ಹನ್ನೆರಡು ವರ್ಷಗಳನ್ನು ಬೇರೆಯೇ ಆಗಿ ತುಂಬಿತು: ಕಾಲದಲ್ಲಿ ಹಿಂದಕ್ಕೆ ಬಂದ ಇನ್ನೊಬ್ಬ ಫ್ರೈ ಆ ನಾಯಿಯ ಜೊತೆಗೇ ಬದುಕಿದ್ದ! ನಾಯಿ ಒಂಟಿಯಾಗಿರಲಿಲ್ಲವೆಂಬುದು ನೆಮ್ಮದಿಯೇ. ಆದರೂ ಮೊದಲು ಅತ್ತವನಿಗೆ ತನ್ನ ಕಣ್ಣೀರನ್ನು ಯಾರೋ ಕಸಿದುಕೊಂಡಂತೆ ಅನಿಸಿದರೆ ತಪ್ಪೇನು? ತುಂಬಲೇಬೇಕಾದ ಬಿರುಕು ಬೇರೆ, ಬಿಟ್ಟುಬಿಡಬೇಕಾದ ಮೌನ ಬೇರೆ.

ಕೊನೆಗೆ ಆ ನೆರಳಿಗೇ ಬರೋಣ. 2003ರ ಕಂತಿನಲ್ಲಿ ಫ್ರೈಗೆ 1999ರ ಆ ರಾತ್ರಿಗೆ ಮರಳುವ ಅವಕಾಶ ಸಿಗುತ್ತದೆ. ನಿಬ್ಲರ್‌ನನ್ನು ತಡೆದರೆ ಅವನ ಹಳೆಯ ಬದುಕು ಅವನದೇ. ಆದರೆ ಭವಿಷ್ಯದಲ್ಲಿ ಲೀಲಾ ಇದ್ದಾಳೆ. ಅವನು ತಡೆಯುವುದಿಲ್ಲ, ತಾನು ಬೀಳುವುದಕ್ಕೆ ತಾನೇ ಒಪ್ಪುತ್ತಾನೆ. ಮೊದಲ ಕಂತಿನ ಆಕಸ್ಮಿಕ ಹೀಗೆ ಒಬ್ಬನ ಆಯ್ಕೆಯಾಗುತ್ತದೆ. ‘ಆ ನೆರಳು ಯಾರದು?’ ಎಂದು ಕೇಳಿದವನಿಗೆ ದೊರೆತದ್ದು ಬರಿಯ ಉತ್ತರವಲ್ಲ, ಒಂದು ಪ್ರೇಮಕತೆ. ನಿಮ್ಮ ಮನೆಯ ಹುಡುಗರು ಟೀವಿ ಮುಂದೆ ಕೂತು ‘ಇದು ಹೇಗೆ ಸಾಧ್ಯ?’ ಎಂದು ಕೇಳಿದರೆ ದಯವಿಟ್ಟು ಗದರಬೇಡಿ. ಕತೆಯನ್ನು ನಂಬಿದವರು ಮಾತ್ರ ಅದರಿಂದ ಲೆಕ್ಕ ಕೇಳುತ್ತಾರೆ.