ಆಟವೂ ಅನುವಾದವಾಗುತ್ತದೆ



ಒಂದು, ಎರಡು, ಮೂರು, ಏಳು. ಈ ಎಣಿಕೆಯಲ್ಲಿ ಏನೋ ಬಿಟ್ಟುಹೋಗಿದೆ ಎಂದು ಒಂದನೆಯ ತರಗತಿಯ ಮಗುವೂ ಹೇಳುತ್ತದೆ. ಆದರೆ 1997ರಲ್ಲಿ ಅಮೆರಿಕದ ಮಕ್ಕಳು ಒಂದು ವಿಡಿಯೋ ಆಟದ ಸರಣಿಯನ್ನು ಹೀಗೆಯೇ ಎಣಿಸಬೇಕಾಗಿತ್ತು. ಆಟದ ಹೆಸರು 'ಫೈನಲ್ ಫ್ಯಾಂಟಸಿ'. ಮೊದಲನೆಯದು, ಎರಡನೆಯದು, ಮೂರನೆಯದು ಬಂದ ಮೇಲೆ ಒಮ್ಮೆಲೇ ಏಳನೆಯದು ಬಂದಿತು. ನಡುವಿನ ಮೂರು ಆಟಗಳು ಎಲ್ಲಿ ಹೋದವು? ಈ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟರೆ, ಇಂದು ಮೊಬೈಲ್ ಫೋನಿನಲ್ಲಿ ದೊರೆಯುವ ಹಳೆಯ ಜಪಾನೀ ಆಟಗಳ ಕಥೆ ಬಿಚ್ಚಿಕೊಳ್ಳುತ್ತದೆ.

ಮೊದಲು ಇವು ಯಾವ ಬಗೆಯ ಆಟಗಳು ಎಂಬುದನ್ನು ನೋಡೋಣ. ಇಂಗ್ಲಿಷಿನವರು ಇವನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾವು ಪಾತ್ರಧಾರಣೆಯ ಆಟ ಎನ್ನೋಣ. ಆಟಗಾರ ಒಬ್ಬ ವೀರನ ಅಥವಾ ಒಂದು ಚಿಕ್ಕ ತಂಡದ ಪಾತ್ರ ವಹಿಸಿ ಊರೂರು ತಿರುಗುತ್ತಾನೆ, ಜನರನ್ನು ಮಾತನಾಡಿಸುತ್ತಾನೆ, ಶತ್ರುಗಳೊಡನೆ ಕಾದಾಡುತ್ತಾನೆ. ಗೆದ್ದಂತೆಲ್ಲ ಅಂಕ ಗಳಿಸಿ ಬಲಶಾಲಿಯಾಗುತ್ತಾನೆ. ಹಳೆಯ ಆಟಗಳಲ್ಲಿ ಕಾದಾಟವೂ ಬಹುಮಟ್ಟಿಗೆ ಚದುರಂಗದಂತೆ ಸರದಿಯ ಪ್ರಕಾರ ನಡೆಯುತ್ತದೆ. ಬೆರಳಿನ ಚುರುಕಿಗಿಂತ ಇಲ್ಲಿ ಯೋಚನೆಗೆ ಹೆಚ್ಚು ಬೆಲೆ. ಹೀಗಾಗಿ ಇದನ್ನು ಅರ್ಧ ಆಟ, ಅರ್ಧ ಕಾದಂಬರಿ ಎನ್ನಬಹುದು. ಫುಟ್‌ಬಾಲ್ ಆಡಲು ಭಾಷೆ ಬೇಕಿಲ್ಲ. ಈ ಆಟಕ್ಕೆ ಬೇಕು. ಓದಲು ಬಾರದವನಿಗೆ ಮೊದಲ ಊರಿನ ಹೆಬ್ಬಾಗಿಲೇ ಕೊನೆ.

ಜಪಾನಿನಲ್ಲಿ ಈ ಬಗೆಯ ಆಟವನ್ನು ಮನೆಮಾತಾಗಿಸಿದ್ದು 1986ರ 'ಡ್ರಾಗನ್ ಕ್ವೆಸ್ಟ್'. ಅದನ್ನು ರೂಪಿಸಿದವರು ಯೂಜಿ ಹೋರಿ, ಚಿತ್ರ ಬರೆದವರು ಅಕಿರಾ ತೋರಿಯಾಮಾ. ಮರುವರ್ಷ, 1987ರ ಡಿಸೆಂಬರಿನಲ್ಲಿ, ಹಿರೊನೊಬು ಸಕಾಗುಚಿ ಅವರ 'ಫೈನಲ್ ಫ್ಯಾಂಟಸಿ' ಬಂದಿತು. ಎರಡೂ ನಿಂಟೆಂಡೋ ಕಂಪೆನಿಯ ಫ್ಯಾಮಿಕಾಂ ಎಂಬ ಯಂತ್ರಕ್ಕಾಗಿ ಸಿದ್ಧವಾದ ಆಟಗಳು. ಯಂತ್ರವನ್ನು ಟಿ.ವಿ.ಗೆ ಜೋಡಿಸಿ, ಆಟವನ್ನು ಅಡಗಿಸಿಟ್ಟ ಕಾರ್ಟ್ರಿಜ್ ಎಂಬ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಅದರೊಳಗೆ ತೂರಿಸಬೇಕಿತ್ತು.

ಆ ಪೆಟ್ಟಿಗೆಯಲ್ಲಿ ಎಷ್ಟು ಜಾಗವಿತ್ತು, ಊಹಿಸಬಲ್ಲಿರಾ? ಮೊದಲ ಡ್ರಾಗನ್ ಕ್ವೆಸ್ಟ್ ಇಡಿಯಾಗಿ 64 ಕಿಲೋಬೈಟ್‌ಗಳಲ್ಲಿ ಅಡಗಿತ್ತು. ಇಂದು ಫೋನಿನಲ್ಲಿ ತೆಗೆಯುವ ಒಂದೇ ಒಂದು ಫೋಟೋ ಎರಡು ಮೆಗಾಬೈಟ್ ಇದ್ದರೆ, ಅದರ ಜಾಗದಲ್ಲಿ ಅಂಥ ಮೂವತ್ತೆರಡು ಆಟಗಳನ್ನು ತುಂಬಬಹುದು. ಜಾಗದ ಈ ಬಡತನದಿಂದ ಜಪಾನಿನ ಕಟಕನ ಲಿಪಿಯ ಎಲ್ಲ ಅಕ್ಷರಗಳನ್ನೂ ಆಟದಲ್ಲಿಡಲು ಆಗಲಿಲ್ಲ. ಬೇಕಾದ ಕೆಲವನ್ನು ಆರಿಸಿಕೊಂಡು, ಆ ಅಕ್ಷರಗಳಿಂದ ಬರೆಯಬಹುದಾದ ಹೆಸರುಗಳನ್ನೇ ಇಟ್ಟರು. ಆಟವನ್ನು ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಲು ನೆನಪಿನ ಸೌಲಭ್ಯವೂ ಇರಲಿಲ್ಲ. ಆಟ ಕೊಡುವ ಇಪ್ಪತ್ತು ಅಕ್ಷರಗಳ ಮಂತ್ರವೊಂದನ್ನು ಮಕ್ಕಳು ಕಾಗದದ ಮೇಲೆ ಬರೆದುಕೊಳ್ಳಬೇಕಿತ್ತು. ಒಂದಕ್ಷರ ತಪ್ಪಿದರೂ ಅಷ್ಟು ದಿನಗಳ ಶ್ರಮ ನೀರುಪಾಲು.

ಈ ಆಟ 1989ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನವರಿಗಾಗಿ ಹಲವು ಬದಲಾವಣೆಗಳಾದವು. ಕಾರ್ಟ್ರಿಜ್‌ಗೆ ಬ್ಯಾಟರಿ ಸೇರಿಸಿದ್ದರಿಂದ ಮಂತ್ರ ಬರೆದುಕೊಳ್ಳುವ ಕಷ್ಟ ತಪ್ಪಿತು. ಜಪಾನೀ ಆಟದಲ್ಲಿ ಯಾವ ದಿಕ್ಕಿಗೆ ನಡೆದರೂ ನಮ್ಮ ಕಡೆಗೇ ಮುಖ ಮಾಡುತ್ತಿದ್ದ ವೀರ, ಅಮೆರಿಕದಲ್ಲಿ ನಡೆಯುವ ದಿಕ್ಕಿಗೆ ತಿರುಗತೊಡಗಿದ. ಹೆಸರೂ ಬದಲಾಯಿತು. ಡ್ರಾಗನ್ ಕ್ವೆಸ್ಟ್ ಎಂಬ ಹೆಸರಿನ ಬೇರೊಂದು ಆಟ, ಕಾಗದ ಪೆನ್ಸಿಲುಗಳಿಂದ ಆಡುವಂಥದು, ಅಲ್ಲಿ ಆಗಲೇ ಇದ್ದುದರಿಂದ ಇದು 'ಡ್ರಾಗನ್ ವಾರಿಯರ್' ಆಯಿತು. ಸ್ವಂತ ಹೆಸರನ್ನು ಅಮೆರಿಕದಲ್ಲಿ ಮರಳಿ ಪಡೆಯಲು ಈ ಸರಣಿ 2005ರವರೆಗೆ, ಅಂದರೆ ಎಂಟನೆಯ ಆಟದವರೆಗೆ, ಕಾಯಬೇಕಾಯಿತು.

ಈಗ ನಮ್ಮ ಎಣಿಕೆಯ ಒಗಟಿಗೆ ಬರೋಣ. ಮೊದಲ ಫೈನಲ್ ಫ್ಯಾಂಟಸಿ ಅಮೆರಿಕಕ್ಕೆ ಕಾಲಿಟ್ಟದ್ದು 1990ರಲ್ಲಿ. ಅದೇ ವರ್ಷ ಜಪಾನಿನ ಮಕ್ಕಳು ಮೂರನೆಯದನ್ನು ಆಡುತ್ತಿದ್ದರು. ಅಷ್ಟರಲ್ಲಿ ಹೊಸ ಯಂತ್ರ, ಸೂಪರ್ ಫ್ಯಾಮಿಕಾಂ, ಮಾರುಕಟ್ಟೆಗೆ ಬಂದಿತು. ಹಳೆಯ ಯಂತ್ರದ ಎರಡನೆಯ ಮತ್ತು ಮೂರನೆಯ ಆಟಗಳನ್ನು ಅನುವಾದಿಸದೆ ಬಿಟ್ಟು, 1991ರಲ್ಲಿ ಜಪಾನಿನ ನಾಲ್ಕನೆಯದನ್ನು ಅಮೆರಿಕದಲ್ಲಿ 'ಎರಡು' ಎಂದು ಮಾರಿದರು. ಐದನೆಯದನ್ನು ಬಿಟ್ಟು, 1994ರಲ್ಲಿ ಆರನೆಯದನ್ನು 'ಮೂರು' ಎಂದರು. 1997ರಲ್ಲಿ ಏಳನೆಯದು ಎಲ್ಲ ದೇಶಗಳಲ್ಲೂ ಏಳಾಗಿಯೇ ಬಂದಾಗ ಗುಟ್ಟು ಎಲ್ಲರಿಗೂ ತಿಳಿಯಿತು. ಯೂರೋಪಿನ ಸ್ಥಿತಿ ಇನ್ನೂ ಸೋಜಿಗದ್ದು. ಅಲ್ಲಿ ಮುಖ್ಯ ಸರಣಿಯ ಮೊದಲ ಆಟವೇ ಏಳನೆಯದು!

ಬಿಟ್ಟುಹೋದ ಆಟಗಳು ಒಂದೊಂದಾಗಿ ಇಂಗ್ಲಿಷಿಗೆ ಬಂದವು. ಐದನೆಯದು 1999ರಲ್ಲಿ, ಎರಡನೆಯದು 2003ರಲ್ಲಿ, ಮೂರನೆಯದು 2006ರಲ್ಲಿ. ಆ ಮೂರನೆಯದೂ ಹೊಸದಾಗಿ ಕಟ್ಟಿದ ಮೂರು ಆಯಾಮಗಳ ರೂಪದಲ್ಲಿ ಬಂದಿತು. ಅದರ ಹಳೆಯ ಚುಕ್ಕಿಚಿತ್ರದ ರೂಪವನ್ನು ಹೋಲುವ ಆಟ ಪಶ್ಚಿಮದವರಿಗೆ ಅಧಿಕೃತವಾಗಿ ದೊರೆತದ್ದು 2021ರ ಜುಲೈನಲ್ಲಿ, 'ಪಿಕ್ಸೆಲ್ ರೀಮಾಸ್ಟರ್' ಎಂಬ ಹೆಸರಿನಲ್ಲಿ, ಮೊಬೈಲ್ ಫೋನ್ ಮತ್ತು ಕಂಪ್ಯೂಟರುಗಳ ಮೇಲೆ. ಮೂವತ್ತೊಂದು ವರ್ಷಗಳ ವನವಾಸ! ಆ ಮೂಲ ಆಟದ ಪ್ರೋಗ್ರಾಂ ಬರೆದವರು ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ನಾಸಿರ್ ಗೆಬೆಲ್ಲಿ. ಅಮೆರಿಕನ್ನನೊಬ್ಬನ ಕೈಕೆಲಸ ಅಮೆರಿಕಕ್ಕೆ ಬರಲು ಅಷ್ಟು ಕಾಲ ಹಿಡಿಯಿತು.

ಇಷ್ಟು ತಡವೇಕೆ? ಭಾಷೆ ಮತ್ತು ಜಾಗ, ಎರಡೂ ಕಾರಣ. ಜಪಾನಿನಲ್ಲಿ ಕತ್ತಿಯನ್ನು 'ಕೆನ್' ಎನ್ನುತ್ತಾರೆ; ಬರೆಯಲು ಎರಡಕ್ಷರ ಸಾಕು. ನಮ್ಮ 'ಕತ್ತಿ'ಗೂ ಎರಡೇ ಅಕ್ಷರ. ಇಂಗ್ಲಿಷಿನ 'ಸ್ವೋರ್ಡ್' ಪದಕ್ಕೆ ಐದಕ್ಷರ ಬೇಕು. ಎರಡಕ್ಷರದ ಮನೆಯಲ್ಲಿ ಐದಕ್ಷರವನ್ನು ಕೂರಿಸುವುದು ಹೇಗೆ? ದೂರದರ್ಶನದ ಪರದೆಯಲ್ಲಿ ಅಡಿಬರಹ ಹಾಕುವ ನಮಗೆ ಈ ಸಂಕಟ ದಿನನಿತ್ಯದ್ದು. ಮಾತು ಉದ್ದವಾಗಿರುತ್ತದೆ, ಸಾಲು ಗಿಡ್ಡವಾಗಿರುತ್ತದೆ. ಏನನ್ನೋ ಬಿಡಲೇಬೇಕು. 1994ರಲ್ಲಿ ಆರನೆಯ ಆಟವನ್ನು ಅನುವಾದಿಸಿದ ಟೆಡ್ ವೂಲ್ಸಿ ಅವರೂ ಇಂಥದೇ ಇಕ್ಕಟ್ಟಿನಲ್ಲಿ, ಅದೂ ಬಹಳ ಕಡಿಮೆ ಕಾಲಾವಕಾಶದಲ್ಲಿ, ಕೆಲಸ ಮಾಡಿದರು. ಪಾತ್ರಗಳ ಹೆಸರಿಗೆ ಆರಕ್ಷರದ ಮಿತಿಯಿತ್ತು. ಜೊತೆಗೆ, ಧರ್ಮಕ್ಕೆ ಸಂಬಂಧಿಸಿದ ಮಾತುಗಳು ಬೇಡವೆಂದು ನಿಂಟೆಂಡೋದ ಅಮೆರಿಕ ಶಾಖೆ ನಿಯಮ ಮಾಡಿತ್ತು. ಆದ್ದರಿಂದ 'ಹೋಲಿ', ಅಂದರೆ ಪವಿತ್ರ, ಎಂಬ ಮಂತ್ರದ ಹೆಸರು 'ಪರ್ಲ್', ಅಂದರೆ ಮುತ್ತು, ಆಯಿತು. ಕಥಾನಾಯಕಿಯ ಹೆಸರು ಜಪಾನಿನಲ್ಲಿ ಟೀನಾ. ಜಪಾನೀ ಕಿವಿಗೆ ಅದು ಅಪರೂಪದ ಹೆಸರು. ಅಮೆರಿಕದಲ್ಲಿ ಪಕ್ಕದ ಮನೆಯ ಹುಡುಗಿಯ ಹೆಸರು. ಆದ್ದರಿಂದ ಅವಳು ಟೆರಾ ಆದಳು. ಮುಂದಿನ ಆವೃತ್ತಿಗಳಲ್ಲಿ 'ಹೋಲಿ' ಮರಳಿ ಬಂದಿತು. ಟೆರಾ ಟೆರಾ ಆಗಿಯೇ ಉಳಿದಳು. ಒಂದು ಬದಲಾವಣೆ ಹೊರಗಿನ ಒತ್ತಡದಿಂದ ಆದದ್ದು, ಇನ್ನೊಂದು ಮೂಲದ ಭಾವವನ್ನು ಉಳಿಸಲು ಆದದ್ದು. ಎರಡೂ ಮೂಲದಲ್ಲಿಲ್ಲದ ಮಾತುಗಳೇ. ಆದರೂ ಒಂದು ಮಾತ್ರ ಬಾಳಿತು. ಈ ವ್ಯತ್ಯಾಸವನ್ನು ಗಮನಿಸಿ.

ಇನ್ನು ಫೋನಿನ ವಿಚಾರ. ಪಾತ್ರಧಾರಣೆಯ ಆಟಗಳನ್ನು ಜಪಾನೀಯರು 2004ರ ಹೊತ್ತಿಗೇ ಮಡಚುವ ಫೋನುಗಳಲ್ಲಿ ಆಡುತ್ತಿದ್ದರು. ಆದರೆ ಆ ಫೋನುಗಳ ವ್ಯವಸ್ಥೆಯೇ ಬೇರೆ, ಹೊರದೇಶಗಳಲ್ಲಿ ಅದಿರಲಿಲ್ಲ. ಏಳನೆಯ ಫೈನಲ್ ಫ್ಯಾಂಟಸಿಯ ಹಿಂದಿನ ಕಥೆಯನ್ನು ಹೇಳುವ 'ಬಿಫೋರ್ ಕ್ರೈಸಿಸ್' ಎಂಬ ಆಟ ಅಂಥ ಫೋನುಗಳಿಗಾಗಿಯೇ 2004ರಲ್ಲಿ ಬಂದಿತು. ಅದು ಅಧಿಕೃತವಾಗಿ ಜಪಾನಿನ ಗಡಿ ದಾಟಲೇ ಇಲ್ಲ. 2018ರಲ್ಲಿ ಅದರ ಸೇವೆಯನ್ನು ನಿಲ್ಲಿಸಿದರು.

ಸ್ಮಾರ್ಟ್‌ಫೋನು ಬಂದ ಮೇಲೆ ಲೆಕ್ಕ ಬದಲಾಯಿತು. ಕಾರ್ಟ್ರಿಜ್ ಅಚ್ಚು ಹಾಕುವ, ಹಡಗಿಗೇರಿಸುವ, ಅಂಗಡಿಯಲ್ಲಿ ಕೊಳೆಯುವ ಭಯವಿಲ್ಲ. ಅನುವಾದದ ಖರ್ಚು ಮಾತ್ರ ಉಳಿಯಿತು. ಸರದಿಯ ಕಾದಾಟಕ್ಕೆ ಗುಂಡಿಗಳು ಬೇಕಿಲ್ಲ. ಬೆರಳಿನ ಸ್ಪರ್ಶ ಸಾಕು. ಡ್ರಾಗನ್ ಕ್ವೆಸ್ಟಿನ ಎಂಟನೆಯ ಆಟವನ್ನು ಫೋನಿಗೆ ಅಳವಡಿಸಿದಾಗ, ಒಂದೇ ಕೈಯಲ್ಲಿ ಹಿಡಿದು ಆಡುವಂತೆ ಪರದೆಯನ್ನೇ ನೆಟ್ಟಗೆ ನಿಲ್ಲಿಸಿದರು.

ಇದರ ನಿಜವಾದ ಲಾಭ ಏನೆಂಬುದಕ್ಕೆ ಒಂದು ಉದಾಹರಣೆ 'ರೋಮ್ಯಾನ್ಸಿಂಗ್ ಸಾಗಾ 2'. ಅಕಿತೋಶಿ ಕವಾಜು ಅವರ ಈ ಆಟ ಜಪಾನಿನಲ್ಲಿ 1993ರಲ್ಲಿ ಬಂದಿತು. ಇದರಲ್ಲಿ ಒಬ್ಬನೇ ನಾಯಕ ಇಲ್ಲ. ಒಬ್ಬ ಚಕ್ರವರ್ತಿ ಮಡಿದರೆ ಅವನು ಕಲಿತ ವಿದ್ಯೆ ಉತ್ತರಾಧಿಕಾರಿಗೆ ಸೇರುತ್ತದೆ. ಹಲವು ತಲೆಮಾರುಗಳ ಮೇಲೆ ಸಾಮ್ರಾಜ್ಯದ ಕಥೆ ಸಾಗುತ್ತದೆ. ಇಂಥ ಹೊಸ ಕಲ್ಪನೆಯ ಆಟ ಇಂಗ್ಲಿಷಿಗೆ ಇಪ್ಪತ್ತಮೂರು ವರ್ಷ ಬರಲಿಲ್ಲ. ಕೊನೆಗೆ 2016ರಲ್ಲಿ ಬಂದದ್ದು ಮೊಬೈಲ್ ಫೋನಿನ ಮೇಲೆಯೇ. ಟಿ.ವಿ.ಗೆ ಜೋಡಿಸುವ ಯಂತ್ರಗಳಿಗೆ ಅದರ ಇಂಗ್ಲಿಷ್ ರೂಪ 2017ರಲ್ಲಿ ಬಂದಿತು. ಚಿಕ್ಕ ಪರದೆ ದಾರಿ ತೋರಿತು, ದೊಡ್ಡ ಪರದೆ ಹಿಂಬಾಲಿಸಿತು.

ಹಾಗಾದರೆ ಎಲ್ಲವೂ ಒಳ್ಳೆಯದೇ ಆಯಿತೇ? ಇಲ್ಲ, ಮಿತ್ರರೇ. ಯಂತ್ರದಿಂದ ಯಂತ್ರಕ್ಕೆ ದಾಟಿಸುವುದೂ ಒಂದು ಅನುವಾದ. ಅಲ್ಲಿಯೂ ಕೆಟ್ಟ ಅನುವಾದಗಳಾಗುತ್ತವೆ. ಹಳೆಯ ಆಟಗಳ ಚಿತ್ರದ ಅಗಲ ಕೇವಲ 256 ಚುಕ್ಕಿಗಳು. ಕಲಾವಿದರು ಅವನ್ನು ಪಿಕ್ಚರ್ ಟ್ಯೂಬಿನ ಟಿ.ವಿ.ಗಾಗಿ ಬರೆದಿದ್ದರು. ಆ ಟ್ಯೂಬಿನಲ್ಲಿ ಚುಕ್ಕಿಯ ಅಂಚು ಪಕ್ಕದ ಚುಕ್ಕಿಗೆ ತುಸು ಹರಡಿ, ಚೌಕಗಳು ದುಂಡಗೆ ಕಾಣುತ್ತಿದ್ದವು. ಇಂದಿನ ಪರದೆಗೆ ಹಿಗ್ಗಿಸುವಾಗ ಕಂಪ್ಯೂಟರು ಪಕ್ಕಪಕ್ಕದ ಬಣ್ಣಗಳ ಸರಾಸರಿ ತೆಗೆದರೆ, ಗೆರೆಗಳು ಮಸುಕಾಗಿ ಮೇಣ ಕರಗಿದಂತೆ ತೋರುತ್ತದೆ. 1995ರ 'ಕ್ರೋನೋ ಟ್ರಿಗರ್' ಆಟಕ್ಕೆ ಹೀಗಾಯಿತು. ಅದರ ಫೋನಿನ ರೂಪವನ್ನು ಆಧರಿಸಿ 2018ರಲ್ಲಿ ಕಂಪ್ಯೂಟರಿಗೆ ತಂದಾಗ, ಮಸುಕಾದ ಚಿತ್ರಗಳಿಗೂ ಹೊಂದದ ಅಕ್ಷರಗಳಿಗೂ ಆಟಗಾರರು ಬಲವಾಗಿ ಆಕ್ಷೇಪಿಸಿದರು. ಕಂಪೆನಿ ಅದೇ ವರ್ಷ ಹಲವು ಕಂತುಗಳಲ್ಲಿ ತಿದ್ದಿತು; ಮೂಲದ ಶೈಲಿಯ ಚಿತ್ರಗಳನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟಿತು. ಪಿಕ್ಸೆಲ್ ರೀಮಾಸ್ಟರ್ ಮಾಡುವಾಗ ಮೂಲ ಆಟದ ಚುಕ್ಕಿಚಿತ್ರ ಬರೆದ ಕಜುಕೊ ಶಿಬುಯಾ ಅವರನ್ನೇ ಮತ್ತೆ ಕರೆದರು. ಸಂಗೀತದ ಮರುಜೋಡಣೆಯನ್ನು ಮೂಲ ಸಂಗೀತಗಾರ ನೊಬುವೊ ಉಎಮಾತ್ಸು ನೋಡಿಕೊಂಡರು. ಆದರೂ ಇಂಗ್ಲಿಷ್ ಅಕ್ಷರಗಳು ತೀರ ಇಕ್ಕಟ್ಟಾಗಿವೆ ಎಂಬ ದೂರು ಬಂದಿತು. 2023ರ ಆವೃತ್ತಿಯಲ್ಲಿ ಬೇರೆ ಅಕ್ಷರದ ಆಯ್ಕೆ ಸೇರಿತು. ಅಕ್ಷರದ ರೂಪವೂ ಕೃತಿಯ ಭಾಗ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಕಾರ್ಟ್ರಿಜ್ ನಿಮ್ಮ ಕಪಾಟಿನಲ್ಲಿರುತ್ತದೆ. ಫೋನಿನ ಆಟ ಕಂಪೆನಿಯ ಕೈಯಲ್ಲಿರುತ್ತದೆ. 2017ರಲ್ಲಿ ಆಪಲ್ ಕಂಪೆನಿ ಐಓಎಸ್ 11 ಎಂಬ ಹೊಸ ವ್ಯವಸ್ಥೆ ತಂದಾಗ, 32 ಬಿಟ್‌ಗಳ ಹಳೆಯ ಆ್ಯಪ್‌ಗಳು ಅದರಲ್ಲಿ ನಡೆಯುವುದೇ ನಿಂತುಹೋಯಿತು. ಫೈನಲ್ ಫ್ಯಾಂಟಸಿಯ ಐದು ಮತ್ತು ಆರನೆಯ ಆಟಗಳ ಮೊಬೈಲ್ ರೂಪವನ್ನು ಆಧರಿಸಿದ ಕಂಪ್ಯೂಟರ್ ಆವೃತ್ತಿಗಳನ್ನು, ಹೊಸತು ಬರುತ್ತಿದೆಯೆಂದು, 2021ರಲ್ಲಿ ಮಾರಾಟದಿಂದ ಹಿಂತೆಗೆದರು. ಟಿ.ವಿ. ಕೇಂದ್ರಗಳಲ್ಲಿ ಕೆಲಸ ಮಾಡುವ ನಮಗೆ ಇದು ಹೊಸ ಮಾತಲ್ಲ. ಓಡಿಸುವ ಯಂತ್ರ ಇಲ್ಲದಿದ್ದರೆ ಟೇಪು ಎಷ್ಟೇ ಚೆನ್ನಾಗಿದ್ದರೂ ಮೂಕವಾಗುತ್ತದೆ. ಪುಸ್ತಕಕ್ಕೆ ಈ ಕಷ್ಟವಿಲ್ಲ; ಕಣ್ಣು ಮತ್ತು ಬೆಳಕು ಇದ್ದರೆ ಸಾಕು.

ಹೀಗಾಗಿ ಒಂದು ಆಟ ಬಾಳಬೇಕಾದರೆ ಅದನ್ನು ಮತ್ತೆ ಮತ್ತೆ ದಾಟಿಸುತ್ತಲೇ ಇರಬೇಕು: ಹಳೆಯ ಯಂತ್ರದಿಂದ ಹೊಸದಕ್ಕೆ, ಒಂದು ಭಾಷೆಯಿಂದ ಇನ್ನೊಂದಕ್ಕೆ. ದಾಟಿಸುವಾಗ ಏನನ್ನಾದರೂ ಬಿಡಬೇಕಾಗುತ್ತದೆ. ಏನನ್ನು ಬಿಡಬಾರದು ಎಂಬುದನ್ನು ತಿಳಿದವನೇ ಒಳ್ಳೆಯ ಅನುವಾದಕ, ಒಳ್ಳೆಯ ತಂತ್ರಜ್ಞ. ಸಾಗಾ ಆಟದ ಚಕ್ರವರ್ತಿಯನ್ನು ನೆನೆಯಿರಿ. ಉತ್ತರಾಧಿಕಾರಿಯ ಮುಖ ಬೇರೆ, ಹೆಸರು ಬೇರೆ. ಆದರೆ ಪೂರ್ವಿಕರ ವಿದ್ಯೆ ಅವನಲ್ಲಿ ಉಳಿದಿರಬೇಕು.

ಪಿಕ್ಸೆಲ್ ರೀಮಾಸ್ಟರ್ ಆಟಗಳು ಜಗತ್ತಿನ ಹಲವು ಭಾಷೆಗಳಲ್ಲಿವೆ. ಕನ್ನಡ ಅವುಗಳಲ್ಲಿ ಸೇರಿಲ್ಲ. ನಿಮ್ಮಲ್ಲಿ ಕೆಲವರು ಪ್ರೋಗ್ರಾಮಿಂಗ್ ಕಲಿಯುತ್ತಿದ್ದೀರಿ, ಕೆಲವರು ಸಾಹಿತ್ಯ ಓದುತ್ತಿದ್ದೀರಿ. ಈ ಎರಡು ಗುಂಪುಗಳೂ ಒಂದೇ ಬೆಂಚಿನಲ್ಲಿ ಕುಳಿತರೆ ಮಾತ್ರ ಇಂಥ ಕೆಲಸ ಸಾಧ್ಯ. ಇಂದು ಸಂಜೆ ಒಂದು ಪ್ರಯೋಗ ಮಾಡಿ ನೋಡಿ. ನಿಮಗೆ ಇಷ್ಟವಾದ ಯಾವುದಾದರೂ ಆಟದ ಹತ್ತು ಇಂಗ್ಲಿಷ್ ವಾಕ್ಯಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಹದಿನಾರು ಅಕ್ಷರ ಮೀರದ ಕನ್ನಡದಲ್ಲಿ ಬರೆಯಿರಿ. ಯಾವುದನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಪಕ್ಕದಲ್ಲಿ ಗುರುತು ಹಾಕಿ, ಗೆಳೆಯರೊಡನೆ ಚರ್ಚಿಸಿ.