ಅಂಕಿಯ ಚೌಕವೂ ನಮ್ಮ ಎಚ್ಚರವೂ

(ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಒಮ್ಮೆ ಕಚೇರಿಯ ಕಂಪ್ಯೂಟರಿನಲ್ಲಿ ಕೆಲಸಗಾರರೊಬ್ಬರ ಓವರ್‌ಟೈಂ ಹಣವನ್ನು 1,500 ಎಂದು ತುಂಬಿದೆ. ಸಂಬಳದ ದಿನ ಅವರು ಚೀಟಿ ಹಿಡಿದು ಬಂದರು. "ಏನ್ರೀ ಗುಮಾಸ್ತರೇ, ತಿಂಗಳೆಲ್ಲ ಹೆಚ್ಚಿಗೆ ದುಡಿದದ್ದಕ್ಕೆ ಒಂದೇ ರೂಪಾಯಿಯೇ?" ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ಹಣವನ್ನು ಮರುದಿನ ಕೊಡಿಸಿದ್ದಾಯಿತು. ಕಾರಣವನ್ನು ಆಮೇಲೆ ತಿಳಿದುಕೊಂಡೆ.

ನಾವು ಚೌಕದಲ್ಲಿ ತುಂಬಿದ್ದು ಯಂತ್ರಕ್ಕೆ ಮೊದಲು ಸಂಖ್ಯೆಯಲ್ಲ, ಬರಿಯ ಅಕ್ಷರಗಳ ಸಾಲು. 12ಕ್ಕೆ 5 ಕೂಡಿಸೆಂದರೆ ಪಕ್ಕಕ್ಕೆ ಜೋಡಿಸಿ 125 ಎಂದೀತು. ಸಂಖ್ಯೆಯಾಗಿ ಮಾರ್ಪಡಿಸಿದ ಮೇಲೆಯೇ 17 ಎಂದೀತು. ಮಾರ್ಪಡಿಸುವ ಕೆಲವು ಕ್ರಮಗಳು ಎಡದಿಂದ ಓದುತ್ತ, ಅಂಕಿಯಲ್ಲದ ಗುರುತು ಬಂದೊಡನೆ ನಿಂತುಬಿಡುತ್ತವೆ. ನನ್ನ ಅಲ್ಪವಿರಾಮದ ಬಳಿ ಯಂತ್ರ ನಿಂತಿತು, ಉಳಿದದ್ದು 1! ಒಳ್ಳೆಯ ಚೌಕವಾದರೆ ಬರೆದುದನ್ನೆಲ್ಲ ಮೊದಲು ಪರೀಕ್ಷಿಸಿ, ಸರಿಯಿಲ್ಲವೆಂದು ನಮಗೇ ತಿಳಿಸಬೇಕು, ತಾನೇ ಊಹಿಸಬಾರದು.

ಎಲ್ಲ ಅಂಕಿಗಳನ್ನೂ ಸಂಖ್ಯೆಯಾಗಿಸಲೂ ಬಾರದು. ಬ್ಯಾಂಕ್ ಖಾತೆಯ ಅಂಕಿ ಹೆಸರಿದ್ದಂತೆ. ಅದನ್ನು ಕೂಡಿ ಕಳೆಯುವವರುಂಟೇ? ಸಂಖ್ಯೆಯಾಗಿಸಿದರೆ ಮೊದಲಿನ ಸೊನ್ನೆಗಳು ಅಳಿದುಹೋಗುತ್ತವೆ.

ಪರೀಕ್ಷೆಗೂ ಮಿತಿಯುಂಟು. ಆಧಾರದ 12 ಅಂಕಿಗಳಲ್ಲಿ ಕೊನೆಯದು ತಾಳೆಯ ಅಂಕಿ. ಹಾಲೆಂಡಿನ ಗಣಿತಜ್ಞ ವೆರ್‌ಹೂಫ್ 1969ರಲ್ಲಿ ಪ್ರಕಟಿಸಿದ ಆ ಕ್ರಮದಿಂದ ಒಂದು ಅಂಕಿ ತಪ್ಪಿದರೂ, ಪಕ್ಕದ ಎರಡು ಅದಲುಬದಲಾದರೂ ಗೊತ್ತಾಗುತ್ತದೆ. ಐಎಫ್‌ಎಸ್‌ಸಿಯ 11 ಗುರುತುಗಳಲ್ಲಿ ಐದನೆಯದು ಸೊನ್ನೆ. ಅಲ್ಲಿ ಇಂಗ್ಲಿಷಿನ 'ಓ' ಬಿದ್ದರೆ ಹಿಡಿಯಬಹುದು. ಆದರೆ ಊರಿಗೆ ಹಣ ಕಳಿಸುವಾಗ ನಾವು ತಪ್ಪಿ ಒತ್ತಿದ ಅಂಕಿ ಇನ್ನೊಬ್ಬರ ಖಾತೆಯದಾಗಿದ್ದರೆ, ಚೌಕಕ್ಕೆ ಅದೂ ಸರಿಯೇ. ಅಂಕಿಯ ರೂಪವನ್ನು ಅದು ನೋಡೀತು. ನಮ್ಮ ತಾಯಿಯ ಖಾತೆ ಯಾವುದೆಂದು ಅರಿಯದು.

ಅದಕ್ಕೆಂದೇ, ನೆಫ್ಟ್ ಮತ್ತು ಆರ್‌ಟಿಜಿಎಸ್ ಮೂಲಕ ಕಳಿಸುವ ಮುನ್ನ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿತು. ಅದನ್ನು ಬಳಸಿರಿ.

ಬಂಧುಗಳೇ, ಹಣದ ಚೌಕದಲ್ಲಿ ಅಲ್ಪವಿರಾಮ ಹಾಕಬೇಡಿ. ಖಾತೆಯ ಅಂಕಿಯನ್ನು ಒಂದೊಂದಾಗಿ ಪಾಸ್‌ಬುಕ್ಕಿಗೆ ತಾಳೆ ನೋಡಿರಿ. ಹೆಸರು ಓದಿರಿ, ಆಮೇಲೆ ಒತ್ತಿರಿ. ಕಷ್ಟವೆನಿಸಿದರೆ ಸಂಜೆ ಇಲ್ಲಿಗೆ ಬನ್ನಿ. ಒಟ್ಟಿಗೆ ಕೂತು ನೋಡೋಣ. ಬೆವರು ಸುರಿಸಿ ಗಳಿಸಿದ ದುಡ್ಡು ಒಂದು ಅಂಕಿಯ ತಪ್ಪಿಗೆ ಪರರ ಪಾಲಾಗದಿರಲಿ.