ಕಲನಶಾಸ್ತ್ರದ ತರಗತಿಗೆ ನಕ್ಷೆಯ ಯಂತ್ರ

ಗಣಿತದ ಉಪಕರಣವನ್ನು ಕುರಿತು ಕನ್ನಡ ಪಂಡಿತನೊಬ್ಬ ಮಾತನಾಡಹೊರಟರೆ, ಇವನಿಗೇಕೆ ಈ ಉಸಾಬರಿ ಎಂದು ತಮಗೆ ಅನ್ನಿಸಬಹುದು. ಆದರೆ ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿ ಬರೆದಿದ್ದಾನೆ. ಆ ಧೈರ್ಯದ ಮೇಲೆ ನಾನೂ ಎರಡು ಮಾತು ಹೇಳುತ್ತೇನೆ.

ಇಂದು ನಮ್ಮಲ್ಲಿ ಅನೇಕರ ಮಕ್ಕಳೋ ಮೊಮ್ಮಕ್ಕಳೋ ಅಮೆರಿಕದಲ್ಲಿ ಹೈಸ್ಕೂಲು ಓದುತ್ತಿದ್ದಾರೆ. ಕಲನಶಾಸ್ತ್ರದ ತರಗತಿ ಸೇರಿದೊಡನೆ ಅವರು ಕೇಳುವುದು ನಕ್ಷೆ ಬರೆಯುವ ಗಣಕಯಂತ್ರ, ಅಂದರೆ ಗ್ರಾಫಿಂಗ್ ಕ್ಯಾಲ್ಕುಲೇಟರ್. ನಮ್ಮ ದ್ವಿತೀಯ ಪಿಯುಸಿ ಗಣಿತ ಪರೀಕ್ಷೆಗೆ ಯಂತ್ರವನ್ನು ಒಯ್ಯುವಂತಿಲ್ಲ. ಆದ್ದರಿಂದ ಇಲ್ಲಿ ಓದಿದ ತಂದೆತಾಯಿಗಳಿಗೆ ಇದು ಬೇಕೇ, ಬೇಡವೇ ಎಂಬುದೇ ತೋಚುವುದಿಲ್ಲ. ಅಂಗಡಿಯವನು ತೋರಿಸಿದ್ದನ್ನು ಕೊಂಡು, ಹಣವನ್ನು ತೆತ್ತು, ಕೊನೆಗೆ ಪರೀಕ್ಷೆಯ ಬಾಗಿಲಲ್ಲಿ ಅದು ಸಲ್ಲದೆಂದು ತಿಳಿದರೆ ಮಗುವಿನ ಗತಿಯೇನು?

ಇಂಥ ಯಂತ್ರವನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಕ್ಯಾಸಿಯೊ ಕಂಪನಿ, ೧೯೮೫ರಲ್ಲಿ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-೮೧ ಬಂದದ್ದು ೧೯೯೦ರಲ್ಲಿ. ಅಲ್ಲಿನ ಕಾಲೇಜ್ ಬೋರ್ಡು ನಡೆಸುವ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಕಲನ ಪರೀಕ್ಷೆಯಲ್ಲಿ ೧೯೯೫ರಿಂದ ಇದು ಕಡ್ಡಾಯವಾಯಿತು.

ಆ ಪರೀಕ್ಷೆ ಯಂತ್ರದಿಂದ ಬಯಸುವುದು ನಾಲ್ಕೇ ಕೆಲಸ: ಬೇಕಾದ ಚೌಕಟ್ಟಿನಲ್ಲಿ ನಕ್ಷೆ ಬರೆಯುವುದು, ಸಮೀಕರಣದ ಮೂಲಗಳನ್ನು ಹುಡುಕುವುದು, ಒಂದು ಬಿಂದುವಿನಲ್ಲಿ ನಿಷ್ಪನ್ನದ ಬೆಲೆಯನ್ನು ಹೇಳುವುದು, ಎರಡು ಮಿತಿಗಳ ನಡುವಿನ ಅನುಕಲನದ ಬೆಲೆಯನ್ನು ಹೇಳುವುದು. ಈ ನಾಲ್ಕನ್ನು ಬಣ್ಣದ ಪರದೆಯ ಟಿಐ-೮೪ ಪ್ಲಸ್ ಸಿಇ ಮಾಡುತ್ತದೆ; ಕ್ಯಾಸಿಯೊದ ಎಫ್‌ಎಕ್ಸ್-ಸಿಜಿ೫೦ ಮಾಡುತ್ತದೆ; ಬಣ್ಣವಿಲ್ಲದ, ಬೆಲೆಯಲ್ಲಿ ಬಹಳ ಅಗ್ಗವಾದ ಎಫ್‌ಎಕ್ಸ್-೯೭೫೦ಜಿಐಐಐ ಕೂಡ ಮಾಡುತ್ತದೆ. ಬಣ್ಣಕ್ಕಾಗಿ ಅಂಕ ಕೊಡುವವರಿಲ್ಲ. ಹಾಗಿದ್ದರೆ ದುಬಾರಿಯದನ್ನು ಜನ ಏಕೆ ಕೊಳ್ಳುತ್ತಾರೆ? ತರಗತಿಯಲ್ಲಿ ಉಪಾಧ್ಯಾಯರು ಯಾವ ಯಂತ್ರದ ಗುಂಡಿಗಳನ್ನು ತೋರಿಸಿ ಪಾಠ ಹೇಳುತ್ತಾರೋ ಅದೇ ಕೈಯಲ್ಲಿದ್ದರೆ ಮಗುವಿಗೆ ಸುಲಭ. ಇದು ತಳ್ಳಿಹಾಕುವ ಕಾರಣವಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಉಪಾಧ್ಯಾಯರನ್ನು ಕೇಳಿರಿ. ಶಾಲೆಯಿಂದ ಎರವಲು ದೊರೆಯುವುದೋ ಎಂಬುದನ್ನೂ ಸಂಕೋಚವಿಲ್ಲದೆ ಕೇಳಿರಿ.

ಇನ್ನೊಂದು ಬಗೆಯ ಯಂತ್ರವುಂಟು. ಅದು ಅಂಕಿಗಳನ್ನಷ್ಟೇ ಅಲ್ಲ, ಅಕ್ಷರಗಳನ್ನೂ ಬಿಡಿಸಿ, ಬೀಜಗಣಿತದ ಉತ್ತರವನ್ನೇ ಬರೆದುಕೊಡುತ್ತದೆ. ಟಿಐ-ಎನ್‌ಸ್ಪೈರ್ ಸಿಎಕ್ಸ್ ಸಿಎಎಸ್ ಈ ಜಾತಿಯದು. ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಕಲನ ಪರೀಕ್ಷೆಯಲ್ಲಿ ಇದಕ್ಕೆ ಪ್ರವೇಶವುಂಟು. ಎಸಿಟಿ ಪರೀಕ್ಷೆಯಲ್ಲಿ ಇಲ್ಲ. ಬೆಂಗಳೂರಿನ ಕೆಲವು ಶಾಲೆಗಳೂ ನಡೆಸುವ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೆಟ್ ಗಣಿತದಲ್ಲಿ ನಕ್ಷೆಯ ಯಂತ್ರ ಬೇಕೇ ಬೇಕು, ಆದರೆ ಈ ಜಾತಿಯದು ನಿಷಿದ್ಧ. ಹೆಚ್ಚು ಬೆಲೆ ಕೊಟ್ಟದ್ದೇ ತೊಡಕಾಗುವ ಸಂದರ್ಭವಿದು.

೨೦೨೫ರಿಂದ ಮತ್ತೊಂದು ಮಾರ್ಪಾಟಾಗಿದೆ. ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಕಲನ ಪರೀಕ್ಷೆ ಕಂಪ್ಯೂಟರಿನ ಪರದೆಗೆ ಬಂದು, ಡೆಸ್ಮೋಸ್ ಎಂಬ ನಕ್ಷೆಯ ಸಾಧನ ಅದರೊಳಗೇ ಸೇರಿಕೊಂಡಿದೆ. ಮನೆಯ ಅಭ್ಯಾಸಕ್ಕೂ ಅದು ಪುಕ್ಕಟೆಯಾಗಿ ದೊರೆಯುತ್ತದೆ. ಕೈಯಂತ್ರವನ್ನೂ ಒಯ್ಯಬಹುದು. ಕೈ ಬಿಗಿಯಾದ ಸಂಸಾರದವರು ಯಂತ್ರ ಕೊಡಿಸಲಾಗಲಿಲ್ಲವೆಂದು ಇನ್ನು ಮರುಗಬೇಕಾದದ್ದಿಲ್ಲ.

ಕೊಂಡದ್ದಾಯಿತು ಎನ್ನಿ. ಅದನ್ನು ನಂಬುವುದೆಷ್ಟು? ಮೂರು ಪರೀಕ್ಷೆಗಳನ್ನು ಹೇಳುತ್ತೇನೆ. ಮಕ್ಕಳಿಂದ ಮಾಡಿಸಿ ನೋಡಿರಿ.

ಎಕ್ಸಿನ ಘನದಿಂದ ಎಕ್ಸಿನ ನೂರರಷ್ಟನ್ನು ಕಳೆದು ನಕ್ಷೆ ಬರೆಯಲು ಹೇಳಿರಿ. ಚೌಕಟ್ಟು ಎರಡು ದಿಕ್ಕಿನಲ್ಲಿಯೂ ಋಣ ೧೦ರಿಂದ ಧನ ೧೦ರವರೆಗೆ ಇದ್ದರೆ, ನಡುವೆ ನೆಟ್ಟಗೆ ನಿಂತ ಒಂದು ಗೀಟಲ್ಲದೆ ಹೆಚ್ಚೇನೂ ಕಾಣದು. ಆ ವಕ್ರರೇಖೆ ಸುಮಾರು ೩೮೫ರ ಎತ್ತರಕ್ಕೇರಿ, ಅಷ್ಟೇ ಆಳಕ್ಕಿಳಿಯುತ್ತದೆ. ಬೆಟ್ಟವೆಲ್ಲ ಚೌಕಟ್ಟಿನ ಹೊರಗೆ! ಎಲ್ಲಿ ನೋಡಬೇಕೆಂಬುದನ್ನು ಹೇಳಬೇಕಾದವನು ವಿದ್ಯಾರ್ಥಿ.

ಸೊನ್ನೆಯ ಬಳಿ ಸೈನ್ ಎಕ್ಸಿನ ನಿಷ್ಪನ್ನವೇನೆಂದು ಕೇಳಿರಿ. ೧ ಬರಬೇಕು. ೦.೦೧೭ ಎಂದು ಬಂದರೆ ಯಂತ್ರ ಕೋನಗಳನ್ನು ರೇಡಿಯನ್ನಿನಲ್ಲಲ್ಲ, ಡಿಗ್ರಿಯಲ್ಲಿ ಎಣಿಸುತ್ತಿದೆ ಎಂದು ತಿಳಿಯಿರಿ.

ಮೂರನೆಯದು ಇವೆರಡಕ್ಕಿಂತ ಸ್ವಾರಸ್ಯವಾದುದು. ಎಕ್ಸಿನ ಚಿಹ್ನೆಯನ್ನು ಬಿಟ್ಟು ಪರಿಮಾಣವನ್ನಷ್ಟೇ ತೆಗೆದುಕೊಂಡರೆ ಬರುವ ನಕ್ಷೆಗೆ ಸೊನ್ನೆಯಲ್ಲಿ ಈಟಿಯಂಥ ಮೊನೆಯಿದೆ. ಅಲ್ಲಿ ನಿಷ್ಪನ್ನವೇ ಇಲ್ಲ. ಟಿಐ-೮೪ನ್ನು ಕೇಳಿದರೆ ಅದು ನಿಸ್ಸಂಕೋಚವಾಗಿ ‘೦’ ಎನ್ನುತ್ತದೆ. ಏಕೆಂದರೆ ಅದು ಬಿಂದುವಿನ ಎಡಕ್ಕೂ ಬಲಕ್ಕೂ ೦.೦೦೧ರಷ್ಟು ಸರಿದು, ಎರಡು ಬೆಲೆಗಳ ವ್ಯತ್ಯಾಸವನ್ನು ೦.೦೦೨ರಿಂದ ಭಾಗಿಸುತ್ತದೆ. ಎರಡೂ ಬೆಲೆ ಒಂದೇ ಆದ್ದರಿಂದ ವ್ಯತ್ಯಾಸ ಸೊನ್ನೆ. ಮೊನೆಯನ್ನು ಅದು ನೋಡಲೇ ಇಲ್ಲ.

ಪದ್ಯಕ್ಕೆ ಪ್ರಸ್ತಾರ ಹಾಕಿ ಲಘು ಗುರು ಎಣಿಸಿದ ಮಾತ್ರಕ್ಕೆ ಛಂದಸ್ಸಿನ ನಡೆ ಕಿವಿಗೆ ಒಲಿಯುವುದಿಲ್ಲವೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಕಲನಶಾಸ್ತ್ರದಲ್ಲಿಯೂ ಹಾಗೆಯೇ. ೨೦೨೫ರ ಆ ಪರೀಕ್ಷೆಯಲ್ಲಿ ಆಯ್ಕೆಯ ೪೫ ಪ್ರಶ್ನೆಗಳಲ್ಲಿ ೩೦ಕ್ಕೂ, ಬಿಡಿಸಿ ಬರೆಯುವ ೬ರಲ್ಲಿ ೪ಕ್ಕೂ ಯಂತ್ರವನ್ನು ಮುಟ್ಟುವಂತಿರಲಿಲ್ಲ. ಅಲ್ಲಿ ಉಳಿಯುವುದು ಸೀಸದಕಡ್ಡಿ, ಕಾಗದ, ತಲೆ.

ಆದುದರಿಂದ ಪರೀಕ್ಷೆಯ ನಿಯಮವನ್ನು ಮೊದಲು ನೋಡಿರಿ, ಉಪಾಧ್ಯಾಯರ ಮಾತನ್ನು ಆಮೇಲೆ ಕೇಳಿರಿ, ಬೆಲೆಯನ್ನು ಕೊನೆಗೆ ತೂಗಿರಿ. ಉಳಿದ ಹಣವಿದ್ದರೆ ಮಗುವಿಗೆ ಒಂದು ಕಟ್ಟು ಚೌಕುಳಿ ಕಾಗದವನ್ನು ಕೊಡಿಸಿರಿ. ಮೊದಲ ಹತ್ತು ನಕ್ಷೆಗಳು ಕೈಯಿಂದಲೇ ಆಗಲಿ. ಹನ್ನೊಂದನೆಯದನ್ನು ಯಂತ್ರ ಬರೆಯಲಿ.